ಕೀಲಿ ಹಲಗೆಯ ಮೇಲೆ ಧರಣಿ

ನಮ್ಮ ಮನೆಯಲ್ಲಿ ಯಂತ್ರಕ್ಕಿರುವ ಮರ್ಯಾದೆ ನನಗಿಲ್ಲ. ಮಗಳು ಮಂಜರಿ ಆರ್ಕಿಟೆಕ್ಚರ್ ಕಲಿಯುತ್ತಾಳೆ. ಯಂತ್ರದ ಅಳತೆ ವೇದವಾಕ್ಯ, ಅವ್ವನ ಮಾತು ತಲೆನೋವು.

ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಸಾಕು, ಕಾಲೇಜಿನ ಯಂತ್ರ ಪ್ಲೈವುಡ್ಡನ್ನು ಶಂಕರಪೋಳಿ ಕೊಯ್ದಂತೆ ಕೊಯ್ಯುತ್ತದೆ. ಆ ತುಂಡುಗಳಿಂದ ಅವಳೂ ಅವಳ ಗೆಳತಿಯರೂ ಪಿಂಪ್ರಿಯ ನಮ್ಮ ಕಾಲನಿಯ ಹೆಂಗಸರಿಗೆ ಮಂಟಪ ಕಟ್ಟಿದರು. ಮೇಲೆ ನೆರಳು, ಕೆಳಗೆ ಕಟ್ಟೆ. ಒಂದು ಮೊಳೆಯೂ ಇಲ್ಲ. ಹಲಗೆಗೆ ಹಲಗೆಯೇ ಹಲ್ಲು ಕಚ್ಚಿ ನಿಂತಿದೆ. (ನಮ್ಮ ಸಂಸಾರವೂ ಹಾಗೇ.) ಉಜ್ಜುಕಾಗದ ಹಿಡಿದು ತಿಕ್ಕಿದವರು ನಾವೇ. ಸಂಜೆ ಕೂಡಲು ನಮಗೆ ಬೇರೆ ಜಾಗವೇ ಇರಲಿಲ್ಲ.

ಗೇಟಿನ ಹೊರಗೆ ಫುಟ್‌ಪಾಥಿನ ಮೇಲೆ ಕಟ್ಟಿಸಿದವಳು ನಾನು. "ರಸ್ತಾ ಜನರದು," ಎಂದಿದ್ದೆ. ಅತಿಕ್ರಮಣ ತೆಗೆಯುವ ಪಾಲಿಕೆಯವರು ಜೆಸಿಬಿ, ಒಬ್ಬ ಸಾಹೇಬರ ಸಮೇತ ಬಂದರು.

ಲಟ್ಟಣಿಗೆ ಹಿಡಿದು ಮೋರ್ಚಾ ಹೋದವಳು, ನೀರಿಗಾಗಿ ರಸ್ತೆ ತಡೆದವಳು, ಪೊಲೀಸ್ ವ್ಯಾನಿನ ಕುಲುಕಾಟಕ್ಕೆ ಪೃಷ್ಠವನ್ನು ಪಳಗಿಸಿದವಳು ನಾನು. ಸೆರಗು ಸಿಕ್ಕಿಸಿ ಕಟ್ಟೆಯ ನಟ್ಟನಡುವೆ ಕುಳಿತೆ. ಹೆಂಗಸರು "ಇಂದೂತಾಯಿ ಝಿಂದಾಬಾದ್!" ಎಂದರು.

"ಅವ್ವಾ, ಏಳು! ಸಾಹೇಬ್ರು ಅರ್ಧಾ ತಾಸು ಕೊಟ್ಟಾರ. ಬಿಚ್ಚಿ ಗೇಟಿನ ಒಳಗ ಕಟ್ತೀವಿ."

"ಏಳು ಅನ್ನೋರನ್ನ ಭಾಳ ಮಂದಿ ನೋಡೀನಿ. ಎದ್ದ ಕೂಡ್ಲೇ ಜೆಸಿಬಿ ಏರಿ ಬರ್ತದ."

"ನೀ ಕೂತದ್ದು ಕೀಲಿ ಹಲಗಿ! ಕಡೀಕ ಹಾಕಿದ್ದು. ಅದು ಮೊದಲ ಬಂದ್ರನ ಉಳದದ್ದು ಬಿಚ್ಚತದ."

"ನಿನ್ನ ಮಷೀನ್ ಅಷ್ಟ್ ಶ್ಯಾಣ್ಯಾ ಇದ್ರ, ನನ್ನ ಕೂಡಿಸೇ ತಗೀಲಿ."

ನಮ್ಮ ಯಜಮಾನರು ಥರ್ಮಾಸ್ ಹಿಡಿದು ಬಂದರು. "ಇಂದೂ, ಒಂದ್ಸಲ ಹುಡುಗಿ ಮಾತು ಕೇಳ."

"ನೀವು ಯಾರ ಕಡೀಗೆ?"

"ನಾ ಚಹಾದ ಕಡೀಗೆ," ಎಂದು ಪ್ರಲ್ಹಾದರಾಯರು ಸಾಹೇಬರಿಗೂ ಒಂದು ಕಪ್ ಬಗ್ಗಿಸಿ ಕೊಟ್ಟರು. ದ್ರೋಹಿ!

ಗಡುವು ಮುಗಿಯುತ್ತ ಬಂತು. ಜೆಸಿಬಿ ಗುರುಗುಟ್ಟಿತು. ನಾನು ಕಣ್ಣು ಮುಚ್ಚಿ ಹಲಗೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದೆ.

"ಸಾಹೇಬ, ತುಮ್ಹೀ ತಿಕಡೂನ್ ಧರಾ!" ಸಾಹೇಬರೇ, ನೀವು ಆ ಕಡೆ ಹಿಡೀರಿ ಅಂತ. ಹೇಳಿದವಳು ನನ್ನ ಮಗಳು!

ಹಲಗೆ ಮೇಲೆದ್ದಿತು. ಜೊತೆಗೆ ನಾನೂ. ಎಷ್ಟೋ ಸರಕಾರಗಳು ನನ್ನನ್ನು ಕೈಕಾಲು ಹಿಡಿದು ಎತ್ತಿಸಿವೆ, ಹೊಟ್ಟೆಯಲ್ಲಿ ಹುಟ್ಟಿದ್ದು ಎತ್ತಿಸಿದ್ದು ಇದೇ ಮೊದಲು.

"ಅಲಗಾಡಬ್ಯಾಡ ಅವ್ವಾ, ಹಲ್ಲು ಮುರೀತಾವ!" (ಹಲಗೆಯದು. ನನ್ನವುಗಳ ಚಿಂತೆ ಯಾರಿಗೂ ಇರಲಿಲ್ಲ.)

ಉತ್ಸವಮೂರ್ತಿಯಂತೆ ಹೊತ್ತು ತಂದು ಗೇಟಿನ ಒಳಗೆ ಇಳಿಸಿದರು. ಬೆನ್ನ ಹಿಂದೆಯೇ ಮಂಟಪ ಕಳಚಿಕೊಂಡು ತುಂಡುತುಂಡಾಗಿ ಒಳಗೆ ಬಂತು, ನನ್ನ ಸುತ್ತಲೇ ಮತ್ತೆ ಎದ್ದು ನಿಂತಿತು. ಹೆಂಗಸರ ಘೋಷಣೆಯಲ್ಲಿ ಆಗಲೇ ನನ್ನ ಹೆಸರು ಹೋಗಿ ಮಂಜರಿಯದು ಬಂದಿತ್ತು. ನಾನು ಮಾತ್ರ ಹಲಗೆ ಬಿಡಲಿಲ್ಲ. ಧರಣಿ ಎಂದರೆ ಧರಣಿ.

ಮಂಜರಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕಟ್ಟೀಗೆ ಹಾಕೋದು ಇದೊಂದ ಹಲಗಿ ಬಾಕಿ. ಏಳ್ತೀಯೋ, ಸಾಹೇಬ್ರನ್ನ ಮತ್ತ ಕರೀಲೋ?"

ಸಾಹೇಬರು ಆಗಲೇ ಅಂಗಿಯ ತೋಳು ಮಡಚುತ್ತಿದ್ದರು.

ಎದ್ದೆ.