ಜಾತಕದ ಜೊತೆ ಹೋದ ಜಪಾನಿ ಸಿನಿಮಾ

ನಾವು ಹೆಣ್ಣು ಹುಡುಕುವ ಮೊದಲೇ ನಮ್ಮ ಮೈದುನನಿಗೆ ಒಂದು ಮದುವೆ ಆಗಿಹೋಗಿತ್ತು. ಹೆಂಡತಿ ಜಪಾನಿನವಳು. ಟೀವಿಯೊಳಗೆ ವಾಸ. ಅವಳಿಗೆ ಅಡುಗೆ ಮಾಡಿ ಹಾಕಬೇಕಾಗಿರಲಿಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು!

ನಮ್ಮ ಯಜಮಾನರು ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಅಲ್ಲಿಯ ರೇಗನ್ಸ್‌ಬರ್ಗಿಗೆ ಬಂದ ಮರುವರ್ಷ ಅವರ ತಮ್ಮನೂ ಬಂದ. ಚಿಪ್ ಮಾಡುವ ಕಂಪನಿಯಲ್ಲಿ ಕೆಲಸ, ನಮ್ಮ ಮನೆಯಲ್ಲೇ ಊಟ, ವಾಸ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲಿನಲ್ಲಿ ಬೆಳೆದವನು. ಅನ್ನಕ್ಕೆ ಉಪ್ಪಿನಕಾಯಿ ಇದ್ದರೆ ಸಾಕು, ತಕರಾರಿಲ್ಲ. ಇಷ್ಟು ಒಳ್ಳೆಯವನ ತಲೆ ಕೆಡಿಸಿದ್ದು ಒಂದು ಕಾಮಿಕ್ಸ್ ಪುಸ್ತಕ. ಜಪಾನಿನದು, ಜರ್ಮನ್ ಭಾಷೆಗೆ ತಂದದ್ದು. ಅದನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಬೇಕಂತೆ. ಸೋಫಾದಲ್ಲಿ ಕೂತು ಪುಸ್ತಕವನ್ನು ಹಿಂದುಮುಂದಾಗಿ ತಿರುವುತ್ತ ಕಣ್ಣೊರೆಸಿಕೊಳ್ಳುವವನನ್ನು ನೋಡಿ ನಮ್ಮವರು, "ಆಫೀಸಲ್ಲಿ ಇವನಿಗೆ ಏನೋ ಆಗಿದೆ ಕಣೇ" ಎಂದು ಪಿಸುಗುಟ್ಟಿದರು. ಆಮೇಲೆ ಅದೇ ಕಥೆ ಸಿನಿಮಾ ಆಯಿತು. ಡಿವಿಡಿ ಮನೆಗೆ ಬಂತು. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಕಥೆ ಇಷ್ಟೇ. ಹುಡುಗಿಗೆ ವಾಸಿಯಾಗದ ಕಾಯಿಲೆ. ಹುಡುಗ ನೊಂದುಕೊಂಡಾನೆಂದು ಹೇಳುವುದಿಲ್ಲ. "ನನಗೆ ನೀನು ಬೇಡ" ಎಂದು ಸುಳ್ಳು ಹೇಳಿ ದೂರದ ದ್ವೀಪಕ್ಕೆ ಹೊರಟುಹೋಗುತ್ತಾಳೆ. ನಿಜ ತಿಳಿದು ಅವನು ದೋಣಿ ಹತ್ತುವಷ್ಟರಲ್ಲಿ ಕಾಲ ಮೀರಿರುತ್ತದೆ. ಇಡೀ ಸಿನಿಮಾದಲ್ಲಿ ಒಬ್ಬರ ಕೈ ಇನ್ನೊಬ್ಬರು ಮುಟ್ಟುವುದಿಲ್ಲ. ಅದೊಂದು ನನಗೂ ಮೆಚ್ಚಿಗೆಯಾಯಿತು, ದೇವರ ಪಟ ಅದೇ ಕೋಣೆಯಲ್ಲಿತ್ತಲ್ಲ. ದೋಣಿ ಬಂತೆಂದರೆ ಮೈದುನ ಬಿಕ್ಕುತ್ತಿದ್ದ. ಭಾನುವಾರ ಗೋಡೆಗೆ ಮೊಳೆ ಹೊಡೆದರೂ ಅಕ್ಕಪಕ್ಕದವರು ಬಂದು ಗದರುವ ಊರು ಇದು. ಕೆಳಗಿನ ಮನೆಯ ಅಜ್ಜಿಗೆ ಕಿವಿ ಮಂದವಾಗಿದ್ದುದೂ ದೇವರ ದಯೆಯೇ.

"ಸಾಕಯ್ಯಾ, ಊಟಕ್ಕೆ ಏಳು" ಎಂದರೆ,

"ಅವಳದು ಎಷ್ಟು ದೊಡ್ಡ ಮನಸ್ಸು ನೋಡಿ ಅತ್ತಿಗೆ" ಎನ್ನುತ್ತಿದ್ದ.

"ದೊಡ್ಡ ಮನಸ್ಸು ಸರಿ. ಹುಳಿ ಆರ್ತಾ ಇದೆ."

ಇಂಥವನಿಗೆ ನನ್ನ ಸೋದರಮಾವನ ಮಗಳು ಸುಮಾಳನ್ನು ತಂದುಕೊಳ್ಳೋಣ ಎಂದು ಹೊರಟವಳು ನಾನೇ. ತುಮಕೂರಿನ ಹುಡುಗಿ, ಎಂಎಸ್ಸಿ ಮಾಡಿದ್ದಾಳೆ, ನನ್ನ ಕೈಯಲ್ಲಿ ಜಡೆ ಹಾಕಿಸಿಕೊಂಡು ಬೆಳೆದವಳು. ಅವಳ ಬೆನ್ನಿಗೆ ಇನ್ನೂ ತಂಗಿಯರಿದ್ದಾರೆ. ಇವಳದೊಂದು ಆದರೆ ಅವರಿಗೂ ದಾರಿಯಾಗುತ್ತದೆ ಎಂದು ಅವಳ ತಾಯಿ, ನಮ್ಮತ್ತೆ, ಫೋನಿನಲ್ಲಿ ಅಳುತ್ತಿದ್ದರು. ಮೈದುನನ ಜಾತಕ, ಫೋಟೊ ಎಲ್ಲ ಲಕೋಟೆಗೆ ಹಾಕಿದೆ. ಇವನು ಅದರೊಳಗೆ ಆ ಡಿವಿಡಿಯನ್ನೂ ತುರುಕಿದ!

"ಇದೇನಯ್ಯಾ?"

"ಜಾತಕ ನಿಮಗೆ. ಇದು ನನಗೆ. ಇದನ್ನ ನೋಡಿ ಅಳದೇ ಇರೋಳ ಜೊತೆ ನಾನು ಹೇಗೆ ಬಾಳ್ಲಿ ಅತ್ತಿಗೆ?"

"ಮಾತು ಜಪಾನಿ, ಕೆಳಗೆ ಬರೋ ಅಕ್ಷರ ಜರ್ಮನ್. ತುಮಕೂರಲ್ಲಿ ಯಾರಿಗೆ ಅರ್ಥ ಆಗತ್ತೆ?"

"ಮನಸ್ಸಿಗೆ ಭಾಷೆ ಬೇಡ."

ಜಾತಕ ಕೂಡಿತು. ಹುಡುಗಿ ಒಪ್ಪಿದಳು. ಒಂದು ಶನಿವಾರ ಇಬ್ಬರನ್ನೂ ಫೋನಿನಲ್ಲಿ ಮಾತಾಡಿಸಿದೆವು, ಸ್ಪೀಕರ್ ಹಾಕಿ, ಹಿರಿಯರೂ ಕೇಳಿಸಿಕೊಳ್ಳಬೇಕಲ್ಲ. ಇವನು ಊಟ ಆಯಿತಾ ಎಂದೂ ಕೇಳಲಿಲ್ಲ.

"ಸಿನಿಮಾ ನೋಡಿದ್ರಾ?"

ಸುಮಾ ಸ್ವಲ್ಪ ತಡೆದು, "ನೋಡ್ದೆ. ತುಂಬಾ ಚೆನ್ನಾಗಿದೆ" ಎಂದಳು.

"ಅಳು ಬಂತಾ?"

"ಬಂತು."

"ಎಲ್ಲಿ?"

"ಕೊನೇಲಿ."

ಅವತ್ತು ಮೈದುನ ಯಾರೂ ಹೇಳದೆ ಪಾತ್ರೆ ತೊಳೆದ. ನಾನು ನಿಶ್ಚಿತಾರ್ಥಕ್ಕೆ ದಿನ ನೋಡಲು ಪಂಚಾಂಗ ತೆಗೆದೆ.

ಮುಂದಿನ ವಾರ ಮಾವ ಫೋನ್ ಮಾಡಿದರು. ಸ್ಪೀಕರ್ ಹಾಕಿಯೇ ಇತ್ತು, ಮೈದುನ ಪಕ್ಕದಲ್ಲೇ ಕೂತಿದ್ದ. ಸೀರೆಯ ಮಾತಿನ ನಡುವೆ ಮಾವ ಏನೂ ತಿಳಿಯದೆ, "ಅಳಿಯಂದಿರು ಕಳಿಸಿದ ಸಿನಿಮಾ ನಮ್ಮ ಮಿಷನ್ನಲ್ಲಿ ಓಡ್ಲೇ ಇಲ್ಲ ಕಣಮ್ಮ. ಈ ದೇಶದಲ್ಲಿ ನಡಿಯಲ್ಲ ಅಂತ ಇಂಗ್ಲಿಷಲ್ಲಿ ಬರತ್ತೆ. ಪರಿಚಯದವರ ಮನೇಲೂ ಹಾಕಿಸಿ ನೋಡಿದ್ವಿ" ಎಂದರು.

ಡಿವಿಡಿಗೂ ದೇಶ ದೇಶಕ್ಕೆ ಬೇರೆ ಬೇರೆ ಬೀಗ ಇರುತ್ತದಂತೆ. ಯುರೋಪಿನದು ನಮ್ಮೂರಿನಲ್ಲಿ ತೆರೆಯುವುದಿಲ್ಲವಂತೆ. ಇದು ನನಗೆ ಗೊತ್ತಿಲ್ಲದಿದ್ದರೆ ಸರಿ. ಚಿಪ್ ಮಾಡುವವನಿಗೆ ಗೊತ್ತಿರಬೇಡವೇ?

ಇವನ ಮುಖ ಕಪ್ಪಿಟ್ಟಿತು. ಫೋನ್ ಇಟ್ಟ ಮೇಲೆ, "ಮೊದಲನೇ ಮಾತೇ ಸುಳ್ಳು. ಬೇಡ ಅತ್ತಿಗೆ" ಎಂದ.

ನಾನು ಬೇಡಿಕೊಂಡೆ. ಅವನ ಅಣ್ಣ ಗದರಿದರು. "ಸಿನಿಮಾದ ಹುಡುಗಿ ಸುಳ್ಳು ಹೇಳಿದ್ರೆ ದೊಡ್ಡ ಮನಸ್ಸು, ನಮ್ಮ ಹುಡುಗಿ ಹೇಳಿದ್ರೆ ಮೋಸವೇನಯ್ಯಾ?" ಎಂದು ಕೇಳಿದೆ. ಎದ್ದುಹೋಗಿ ಬಾಗಿಲು ಹಾಕಿಕೊಂಡ. ಮಾವನಿಗೆ ಸುದ್ದಿ ಮುಟ್ಟಿಸುವ ಕರ್ಮ ನನ್ನ ಪಾಲಿಗೆ ಬಂತು. ಅವರು "ಆಯ್ತಮ್ಮ" ಎಂದು ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅತ್ತೆಯಂತೂ ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ. ಆಡಿಕೊಳ್ಳುವವರ ಬಾಯಿಗೆ ಬಿದ್ದದ್ದು ಸುಮಾ. ಜರ್ಮನಿಯ ಹುಡುಗ ಬೇಡವೆಂದನಂತೆ, ಅವಳಲ್ಲಿ ಏನೋ ಕೊರತೆ ಇರಬೇಕು ಎಂದು. ಅಂದಿನಿಂದ ನಾನು ಇವನಿಗೆ ಅನ್ನ ಬಡಿಸುತ್ತಿದ್ದೆ, ಮಾತು ಬಡಿಸುತ್ತಿರಲಿಲ್ಲ.

ಆಮೇಲೆ ಸುಮಾಳಿಗೆ ಬೇರೆ ಕಡೆ ಮದುವೆಯಾಯಿತು. ಭಗವಂತ ಅಷ್ಟು ಕರುಣೆ ತೋರಿದ. ಆ ಸುದ್ದಿ ಬಂದ ಗುರುವಾರ ನನಗೆ ಜ್ವರ. ಸಂಜೆ ಮೈದುನ ತಾನೇ ಸಾರು ಮಾಡಿ ತಟ್ಟೆಗೆ ಬಡಿಸಿದ.

"ಹುಡುಗ ಒಳ್ಳೆಯವನಾ ಅತ್ತಿಗೆ?"

"ಒಳ್ಳೆಯವನಂತೆ. ಅವಳನ್ನ ನಗಿಸ್ತಾನಂತೆ."

ಸೌಟು ಹಿಡಿದು ನಿಂತೇ ಇದ್ದ. "ನನಗೆ ಬೇಜಾರಾಗ್ಬಾರ್ದು ಅಂತ ತಾನೇ ಅವಳು ನೋಡ್ದೆ ಅಂದಿದ್ದು?"

"ಮತ್ತಿನ್ಯಾಕೆ?"

"ನನಗೋಸ್ಕರ ಹಾಗೆ ಯಾರೂ ಸುಳ್ಳು ಹೇಳಿರ್ಲಿಲ್ಲ ಅತ್ತಿಗೆ. ಗೊತ್ತಾಗ್ಲಿಲ್ಲ."

ಬೈಯಲು ಕೂಡಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಎರಡು ಸಲ ಬಿದ್ದಿತ್ತು, ಹುಣಸೆಹಣ್ಣು ಬಿದ್ದೇ ಇರಲಿಲ್ಲ.

"ಹೇಗಿದೆ?" ಎಂದ.

ದೇವರ ವಾರವೆಂದು ಗುರುವಾರ ಸುಳ್ಳು ಹೇಳುವವಳಲ್ಲ ನಾನು.

"ಚೆನ್ನಾಗಿದೆ ಕಣಪ್ಪಾ" ಎಂದೆ. "ಇನ್ನೊಂದು ಸೌಟು ಹಾಕು."