ಭಾವ ಹೇಳಿಕೊಂಡ ಚಕ್ಕುಲಿ ಹರಕೆ

ಬೇರೆಯವರ ಸಸ್ಪೆನ್ಶನ್ ಸುದ್ದಿಯನ್ನು ನನ್ನ ಭಾವನಷ್ಟು ಸಂತೋಷದಿಂದ ಓದುವವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ! ನರಿಕೊಂಬಿನ ಅವರ ಮನೆಗೆ ಪೇಪರ್ ಬಂದ ಕೂಡಲೇ ಭಾವ 'ಅಮಾನತು', 'ವಜಾ' ಎಂಬ ಎರಡು ಪದಗಳನ್ನು ಹುಡುಕುತ್ತಿದ್ದರು. ಸಿಕ್ಕಿದರೆ ಅಕ್ಕ ಎರಡು ದೋಸೆ ಹೆಚ್ಚು ಹೊಯ್ಯಬೇಕಿತ್ತು. ಸಿಗದಿದ್ದರೆ ಚಟ್ನಿಗೆ ಉಪ್ಪು ಕಡಿಮೆ ಎಂಬ ತಕರಾರು.

ಇಲಾಖೆ ಯಾವುದಾದರೂ ಆದೀತು, ನೌಕರ ಬೀದರಿನವನಾದರೂ ಆದೀತು. ಒಮ್ಮೆ ಬೆಳ್ಳಂಬೆಳಿಗ್ಗೆ ಮೂಡುಬಿದಿರೆಯಲ್ಲಿರುವ ನನಗೆ ಫೋನ್ ಮಾಡಿ, "ಒಬ್ಬ ಹೋದ ಮಾರಾಯ" ಎಂದರು. ನಾನು ಗಾಬರಿಯಿಂದ ಅಂಗಿ ಹಾಕಿಕೊಳ್ಳುತ್ತಾ, ತೀರಿಹೋದದ್ದು ಯಾರೆಂದು ಕೇಳಿದೆ.

"ತೀರಿಹೋದದ್ದಲ್ಲ, ಸಸ್ಪೆಂಡ್. ಹಾವೇರಿಯಲ್ಲಿ."

ಹಾವೇರಿಗೂ ನರಿಕೊಂಬಿಗೂ ಏನು ಸಂಬಂಧ ಸ್ವಾಮಿ? ಸಂಬಂಧ ಇತ್ತು. ಭಾವನಿಗೆ ಅಪ್ಪನ ಪಾಲಿನಿಂದ ಬೆಳ್ತಂಗಡಿ ಕಡೆ ಹದಿನೆಂಟು ಸೆಂಟ್ಸ್ ಜಾಗ ಬಂದಿದೆ. ಅದರ ನಕ್ಷೆಗಾಗಿ ಎರಡು ವರ್ಷದಿಂದ ಒಂದು ಕಚೇರಿಗೆ ಅಲೆಯುತ್ತಿದ್ದರು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ನನ್ನದೂ ಒಂದು ಅರ್ಜಿ ಅಲ್ಲೇ ಕೂತಿದೆ! ಪ್ರತಿ ಸಲವೂ ಕೌಂಟರಿನ ಹುಡುಗಿ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದಳು: "ಸರ್ವರ್ ಇಲ್ಲ ಸರ್, ನಾಳೆ ಬನ್ನಿ."

"ಅವಳ ಬೈತಲೆ ನನಗೆ ಬಾಯಿಪಾಠ ಉಂಟು, ಮುಖ ಹೇಗುಂಟು ಅಂತ ಇವತ್ತಿನವರೆಗೆ ಗೊತ್ತಿಲ್ಲ" ಎಂದು ಭಾವ ಮದುವೆಮನೆಗಳಲ್ಲೆಲ್ಲ ಹೇಳಿಕೊಂಡು ಬಂದರು. ಜನ ನಕ್ಕರು. ಪ್ರತಿಯೊಬ್ಬರಲ್ಲೂ ಇಂಥದ್ದೊಂದು ಕಥೆ ಇತ್ತು. ಸರ್ಕಾರಿ ನೌಕರರನ್ನು ಬೈಯುವಾಗ ನಮ್ಮಲ್ಲಿ ಇರುವಷ್ಟು ಒಗ್ಗಟ್ಟು ಬೇರೆ ಯಾವುದರಲ್ಲಿ ಉಂಟು ಹೇಳಿ?

ಬೈದು ಸುಮ್ಮನಿದ್ದರೆ ಅವರು ನಮ್ಮ ಭಾವ ಹೇಗಾದಾರು? ಕಚೇರಿಯಿಂದ ಬಸ್ಸಿಗೆ ಬರುವ ದಾರಿಯಲ್ಲಿ ಅಜ್ಜನ ಕಟ್ಟೆ ಇದೆ. ಅಜ್ಜ ಎಂದರೆ ನಾವು ನಂಬುವ ದೈವ. ಬಂಗಾರ ಕಳೆದರೂ ದನ ಕಳೆದರೂ ಅಜ್ಜನಿಗೆ ಚಕ್ಕುಲಿ, ವೀಳ್ಯದೆಲೆಯ ಹರಕೆ ಹೇಳಿಕೊಂಡರೆ ಸಿಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಒಂದು ದಿನ ಭಾವ ಬಿಸಿಲಲ್ಲಿ ಕಟ್ಟೆಯ ಮುಂದೆ ನಿಂತು, 'ಆ ಹುಡುಗಿ ಕುರ್ಚಿ ಬಿಟ್ಟು ಹೋದರೆ ಐದು ಪ್ಯಾಕೆಟ್ ಚಕ್ಕುಲಿ' ಎಂದು ಹೇಳಿಕೊಂಡೇಬಿಟ್ಟರು!

ಅಕ್ಕ ಕೇಳಿ ಸೌಟು ಕೆಳಗಿಟ್ಟಳು. "ಕಳೆದದ್ದು ಸಿಗ್ಲಿಕ್ಕೆ ಹರಕೆ ಹೇಳುದು ಕೇಳಿದ್ದೇನೆ. ಇನ್ನೊಬ್ಬರದ್ದು ಕಳೀಲಿಕ್ಕೆ ಹೇಳಿದವರು ನೀವೇ ಮೊದಲು."

ತಿಂಗಳಾಗಲಿಲ್ಲ. ಆ ಹುಡುಗಿಯನ್ನೂ ಜತೆಗೆ ಇನ್ನಿಬ್ಬರನ್ನೂ ಕೆಲಸದಿಂದ ತೆಗೆದರು! ಭಾವ ಮೊದಲ ಬಸ್ಸಿಗೇ ಬೆಳ್ತಂಗಡಿಗೆ ಹಾರಿದರು. ಕಚೇರಿಯ ಎದುರಿನ ಬ್ಯಾರಿಯವರ ಹೋಟೆಲಿನಲ್ಲಿ ಹಬ್ಬವೇ ಹಬ್ಬ. "ಆಗ್ಬೇಕು ಅವಳಿಗೆ" ಎಂದರು ಒಬ್ಬರು. "ಸರ್ಕಾರದ ಸಂಬಳ ತಿಂದು ಸೊಕ್ಕು ಬಂದಿತ್ತು" ಎಂದರು ಇನ್ನೊಬ್ಬರು. ಭಾವ ಎಲ್ಲರಿಗೂ ಚಹಾ ಹೇಳಿದರು. ಗ್ಲಾಸು ಇಡುತ್ತಾ ಹೋಟೆಲಿನವರು ಮೆಲ್ಲಗೆ ಹೇಳಿದರು:

"ಅದು ಸರ್ಕಾರಿ ಕೆಲಸ ಅಲ್ಲ ಮಾರಾಯ್ರೆ, ಕಾಂಟ್ರಾಕ್ಟ್. ಟೆಂಡರ್ ಮುಗೀತು, ತೆಗೆದ್ರು. ಕೊಕ್ಕಡದ ಹುಡುಗಿ. ತಂಗಿ ನರ್ಸಿಂಗ್ ಓದುದು ಇವಳ ಸಂಬಳದಲ್ಲಿ. ಸರ್ವರ್ ಇಲ್ಲದ್ದಕ್ಕೆ ಅವಳು ಎಂತ ಮಾಡ್ಲಿಕ್ಕುಂಟು? ತಲೆ ಎತ್ತಿದ್ರೆ ನೀವೆಲ್ಲ ಬೈತೀರಿ ಅಂತ ಬಗ್ಗಿಸಿ ಕೂತ್ಕೊಳ್ತಿದ್ದದ್ದು."

ಸರ್ವರನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ. ಅದೊಂದೇ ಅಲ್ಲಿ ಪರ್ಮನೆಂಟ್!

ಭಾವ ಹೊರಗೆ ಬಂದು ನನಗೆ ಫೋನ್ ಮಾಡಿ ಎಲ್ಲ ಹೇಳಿದರು. "ಅವಳ ಕೆಲಸ ತೆಗೆದದ್ದು ನಾನೇ ಮಾರಾಯ."

"ಎಂತದು ಭಾವ ನೀವು? ಟೆಂಡರ್ ಮುಗಿಯಿತು, ತೆಗೆದರು."

"ಆ ಟೆಂಡರ್ ಮುಗಿಸಿದ್ದು ಯಾರು?"

ಭಾವ ಪೇಪರ್ ಓದುವುದು ಅಂದಿಗೇ ನಿಂತಿತು. ಹರಕೆ ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಭಾವ ಕಟ್ಟೆ ನೋಡಿಕೊಳ್ಳುವವರನ್ನು ಕೇಳಿದರು. ಅವರು ನಕ್ಕುಬಿಟ್ಟರು: "ಇದೆಂತ ಅರ್ಜಿಯಾ ವಾಪಸ್ ತೆಗೀಲಿಕ್ಕೆ? ನೀವು ಹೇಳಿದ್ದು ಆಗಿದೆ ಅಲ್ವಾ? ಚಕ್ಕುಲಿ ಒಪ್ಪಿಸಿ."

ಎಂಥ ಫಜೀತಿ ನೋಡಿ! ಒಪ್ಪಿಸದಿದ್ದರೆ ದೈವದ ಋಣ. ಒಪ್ಪಿಸಿದರೆ, ಒಂದು ಹುಡುಗಿಯ ಅನ್ನ ಹೋದದ್ದಕ್ಕೆ ಕೈಮುಗಿದು ಉಪಕಾರ ಹೇಳಿದ ಹಾಗೆ. ಹದಿನೈದು ದಿನ ಒದ್ದಾಡಿ ಕೊನೆಗೆ ನನ್ನನ್ನು ಜತೆಗೆ ಕರೆದರು. ಐದು ಪ್ಯಾಕೆಟ್ ಎದೆಗೆ ಅವಚಿಕೊಂಡು ಕಟ್ಟೆಯ ಮುಂದೆ ನಿಂತರು. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಮನುಷ್ಯ ಪ್ಯಾಕೆಟುಗಳನ್ನು ಮತ್ತೆ ಮತ್ತೆ ಎಣಿಸತೊಡಗಿದರು.

ಆಗ ನಮ್ಮ ಪಕ್ಕದಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಕೈಯಲ್ಲಿ ಸಣ್ಣದೊಂದು ಚಕ್ಕುಲಿ ಪ್ಯಾಕೆಟ್, ಹೆಗಲಲ್ಲಿ ಸರ್ಟಿಫಿಕೇಟುಗಳ ಫೈಲು ಇಣುಕುತ್ತಿದ್ದ ಚೀಲ. ಭಾವನನ್ನು ನೋಡಿ ಸ್ವಲ್ಪ ಹೆದರಿ, ಆಮೇಲೆ ಕೇಳಿದಳು: "ಸರ್, ನಿಮ್ಮ ನಕ್ಷೆ ಸಿಕ್ಕಿತಾ?"

ಭಾವ ಮೊದಲ ಸಲ ಅವಳ ಮುಖ ನೋಡಿದರು. ನಕ್ಷೆ ಸಿಕ್ಕಿರಲಿಲ್ಲ. ಅಂದು ಬೆಳಿಗ್ಗೆಯೂ ಕೌಂಟರಿನ ಹೊಸ ಹುಡುಗ ನಾಳೆ ಬನ್ನಿ ಎಂದಿದ್ದ.

"ಸಿಕ್ಕಿತಮ್ಮ. ನೀನು ಇರುವಾಗಲೇ ಮಾಡಿಟ್ಟಿದ್ದಿಯಂತೆ. ನಿನ್ನಿಂದಲೇ ಆದದ್ದು."

"ಹೌದಾ ಸರ್?" ಅವಳ ಮುಖ ಅರಳಿತು. "ನನಗೆ ನೆನಪೇ ಇಲ್ಲ. ಒಬ್ಬರದ್ದಾದರೂ ಆಯ್ತಲ್ಲ."

ಅವಳು ಕಣ್ಣು ಮುಚ್ಚಿ ಕೈಮುಗಿದಳು. ಭಾವನೂ ಪ್ಯಾಕೆಟುಗಳನ್ನು ಕಟ್ಟೆಯ ಮೇಲಿಟ್ಟು ಕೈಮುಗಿದರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಅವರು ಮೆಲ್ಲಗೆ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಅಜ್ಜಾ, ಈ ಮಗುವಿಗೊಂದು ಕೆಲಸ ಕೊಡು. ಸರ್ಕಾರಿ ಕೆಲಸವೇ ಕೊಡು."