ರೇಣುಕಯ್ಯನವರ ಮನೆಯ ಮೂಲರೂಪ

ಅಡುಗೆಮನೆಗೊಂದು ಕಿಟಕಿ ಬೇಕೆಂದು ಜಗದಾಂಬ ಕೇಳತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಒಗ್ಗರಣೆ ಹಾಕಿದಾಗಲೆಲ್ಲ ಮೆಣಸಿನಕಾಯಿ ಘಾಟಿಗೆ ಕಣ್ಣು ಮೂಗು ಒರೆಸಿಕೊಂಡು ಆಕೆ ಈಚೆ ಬರುವುದು, ಆಫೀಸ್ ರೂಮಿನ ಮಂಚದ ಮೇಲೆ ಪೇಪರ್ ಹಿಡಿದು ಮಲಗಿದ ಗಂಡ ರೇಣುಕಯ್ಯ ಮೇಷ್ಟ್ರು "ನೋಡೋಣ" ಎನ್ನುವುದು ಮಿಡಿಗೇಶಿಯ ಆ ಮನೆಯ ನಿತ್ಯವಿಧಿ.

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೂರನೇ ತಿಂಗಳಿಗೆ ಮೇಷ್ಟ್ರು ಭೀಷ್ಮಪ್ರತಿಜ್ಞೆಯೊಂದನ್ನು ಮಾಡಿದರು. ಮುತ್ತಾತನ ಕಾಲದಲ್ಲಿ ಈ ಮನೆ ಕಂಬಗಳ ಮೇಲೆ ನಿಂತ ಒಂದೇ ದೊಡ್ಡ ಹಜಾರ. ತಾತ ಅದಕ್ಕೆ ಅಟ್ಟ ಕಟ್ಟಿದ. ಅಪ್ಪ, ದೊಡ್ಡಪ್ಪ ಪಾಲಾದಾಗ ನಟ್ಟನಡುವೆ ಗೋಡೆ ಎದ್ದಿತು. (ಒಂದು ಕಂಬವೂ ಪಾಲಾಗಿ ಅರ್ಧ ಆಚೆ, ಅರ್ಧ ಈಚೆ ನಿಂತಿತ್ತು.) ದೊಡ್ಡಪ್ಪನ ಪಾಲು ಮತ್ತೆ ಕೈಗೆ ಬಂದರೂ ಗೋಡೆ ಹಾಗೇ ಉಳಿಯಿತು. ಆಮೇಲೆ ಅಪ್ಪ ಒಂದು ಮೂಲೆಗೆ ಸಿಮೆಂಟು ಬಳಿದು ಆಫೀಸ್ ರೂಮು ಮಾಡಿದರು. ಇದೆಲ್ಲ ಹೋಗಿ ಮನೆ ಮೂಲರೂಪಕ್ಕೆ ಬರಲೇಬೇಕು. ಮೇಷ್ಟ್ರು ಡ್ರಾಯಿಂಗ್ ಹಾಳೆಯಲ್ಲಿ ಶಾಸನ ಬರೆದು, ರುಜು ಹಾಕಿ, ಕಂಬಕ್ಕೆ ಅಂಟಿಸಿದರು: "ಮೂಲದಲ್ಲಿ ಇದ್ದದ್ದು ಇರತಕ್ಕದ್ದು. ಇಲ್ಲದ್ದು ಇರತಕ್ಕದ್ದಲ್ಲ."

"ಅಂಗಾದ್ರೆ ನನ್ನ ಕಿಟಕಿ?" ಎಂದರು ಜಗದಾಂಬ.

"ಮೂಲ್ದಲ್ಲಿ ಕಿಟಕಿ ಎಲ್ಲಿತ್ತೇ?"

ಪಾವಗಡದ ಕಡೆಯ ಗಾರೆ ಕೆಲಸದ ಪೆದ್ದಣ್ಣ ಬಂದ. ಅಟ್ಟ ಇಳಿಯಿತು, ಅದರ ಮೇಲಿದ್ದ ಉಪ್ಪಿನಕಾಯಿ ಜಾಡಿಗಳೆಲ್ಲ ಜಗದಾಂಬ ಮಲಗುವ ಜಾಗಕ್ಕೆ ಬಂದವು. ಗೋಡೆ ಬಿತ್ತು. ಕೊನೆಗೆ ಆಫೀಸ್ ರೂಮಿನ ಸಿಮೆಂಟು ಅಗೆಯುವಾಗ ಮೇಷ್ಟ್ರು ತುದಿಗಾಲಲ್ಲಿ ನಿಂತಿದ್ದರು. ಮುತ್ತಾತ ಕೂತು ನ್ಯಾಯ ಹೇಳುತ್ತಿದ್ದ ಕಲ್ಲುಪೀಠ ಅಲ್ಲೇ ಇದೆಯೆಂದು ಅವರ ಖಚಿತ ಅಭಿಪ್ರಾಯ.

ಕಲ್ಲೇನೋ ಸಿಕ್ಕಿತು. ಉದ್ದಕ್ಕೆ, ನಡುವೆ ತೋಡಿದ ಕಲ್ಲು. ಪಕ್ಕದಲ್ಲಿ ಹಗ್ಗ ಕಟ್ಟುವ ತೂತು, ಗಂಜಲ ಹರಿಯುವ ಸಣ್ಣ ಕಾಲುವೆ.

"ಪೀಠ ಕಾದು ಸಾಮಿ, ಪೀಠ ಅಲ್ಲ," ಎಂದ ಪೆದ್ದಣ್ಣ ತೆಲುಗು ಬೆರೆಸಿ. "ಇದು ದನ ಮೇವು ತಿನ್ನೋ ಗ್ವಾದ್ಲಿ. ಆಗೆಲ್ಲ ದನಾನ ಮನೆಯೊಳಗೇ ಕಟ್ತಿದ್ರಲ್ಲ."

ಜಗದಾಂಬ ಸೆರಗಿಗೆ ಕೈ ಒರೆಸಿಕೊಂಡು, ಕಂಬದ ಹತ್ತಿರ ಹೋಗಿ, ಶಾಸನವನ್ನು ಗಟ್ಟಿಯಾಗಿ ಓದಿದರು.

"ರುಜು ನಿಮ್ದೇ ತಾನೆ?"

"ನಂದೇ. ಆದ್ರೆ ಅದು..."

"ಇದ್ದದ್ದು ಇರ್ಬೇಕು ಕಣ್ರೀ."

ಶುಕ್ರವಾರ ಪಟ್ಟನಾಯಕನಹಳ್ಳಿಯ ತವರಿನಿಂದ ಎಮ್ಮೆಯೊಂದು ಬಂದು ಗೂಡ್ಸ್ ಆಟೋದಿಂದ ಇಳಿಯಿತು. ಅದು ಆಫೀಸ್ ರೂಮಿಗೆ ಹೋಯಿತು, ಮೇಷ್ಟ್ರ ಮಂಚ ಅಡುಗೆಮನೆ ಬಾಗಿಲ ಪಕ್ಕಕ್ಕೆ ಬಂತು. ಘಾಟು ತಡೆಯಲು ನಡುಗೋಡೆಯೂ ಇಲ್ಲ. ಮೊದಲ ಒಗ್ಗರಣೆಗೇ ಮೇಷ್ಟ್ರು ಹದಿನಾಲ್ಕು ಸಲ ಸೀನಿದರು. ಎಮ್ಮೆ ಅವರ ಫ್ಯಾನಿನ ಕೆಳಗೆ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಮೂರು ದಿನ ಅವರು ಪಟ್ಟು ಬಿಡಲಿಲ್ಲ. ನಾಲ್ಕನೆಯ ದಿನ, ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ, ಸೋತರು.

"ಲೇ, ಆ ಪೆದ್ದಣ್ಣಂಗೆ ಫೋನ್ ಮಾಡೆ. ಅಡುಗೆಮನೆಗೊಂದು ಕಿಟಕಿ ಇಟ್ಬುಡ್ಲಿ."

"ಮೂಲ್ದಲ್ಲಿ ಇರ್ಲಿಲ್ವಲ್ಲ."

ಮೇಷ್ಟ್ರು ಎದ್ದು, ಶಾಸನ ಕಿತ್ತು, ಮಡಿಸಿ ಜೇಬಿಗೆ ಹಾಕಿಕೊಂಡರು.

ಹಿತ್ತಿಲಿಗೆ ತೆರೆಯುವ ಅಗಲವಾದ ಕಿಟಕಿಯೇ ಬಂತು. ಮೊದಲ ದಿನ ಜಗದಾಂಬ ಒಲೆ ಹಚ್ಚುವುದನ್ನೂ ಮರೆತು ಅಲ್ಲಿ ಗಾಳಿಗೆ ಮುಖವೊಡ್ಡಿ ನಿಂತಿದ್ದರು. ಆಕೆಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಗಿತ್ತು. ಇನ್ನು ಎಮ್ಮೆ ತವರಿಗೆ ವಾಪಸ್, ತಮ್ಮ ರೂಮು ತಮಗೆ ಎಂದು ಮೇಷ್ಟ್ರು ಹಿತ್ತಿಲಲ್ಲಿ ಶತಪಥ ಹಾಕುತ್ತಿದ್ದಾಗ, ಇನ್ನೂ ಸರಳು ಕೂರಿಸದ ಆ ಕಿಟಕಿಯಿಂದ ಒಂದು ಬಕೆಟ್ ಕಲಗಚ್ಚು ಹೊರಗೆ ಬಂತು.

"ಹಿಡ್ಕೊಳ್ಳಿ, ಎಮ್ಮೆಗೆ ಕುಡಿಸ್ಬುಡಿ," ಎಂದರು ಜಗದಾಂಬ ಒಳಗಿನಿಂದ. "ನಿಮ್ಮ ಮುತ್ತಾತನೂ ಇದನ್ನೇ ಮಾಡ್ತಿದ್ದದ್ದು."